ಐದು ಸಲದ ಬೀಗ

ಗೋಡೆ ಗಡಿಯಾರಕ್ಕೆ ಸದ್ದಿರುತ್ತದೆ ಎಂದು ನನಗೆ ಹೇಳಿಕೊಟ್ಟವಳು ಕಿವಿ ಕೇಳಿಸದ ನನ್ನ ಅಕ್ಕ.

ಒಂದು ಸಂಜೆ ಅಂಗಡಿಗೆ ಬಂದವಳು ನನ್ನ ತಲೆಯ ಮೇಲಿದ್ದ ಗಡಿಯಾರ ತೋರಿಸಿ, "ಇದು ಸದ್ದು ಮಾಡುತ್ತಾ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

"ಮಾಡುತ್ತೆ ಕಣೋ. ರೂಮಲ್ಲಿ ಯಾರೂ ಇಲ್ದಿದ್ರೆ ಮಾಡುತ್ತೆ. ಸಿನಿಮಾದಲ್ಲಿ ಬರೆದಿದ್ರು."

ಫ್ಯಾನು ಆರಿಸಿದೆ. ರಿಪೇರಿಗೆ ತೆರೆದಿಟ್ಟಿದ್ದ ಎರಡು ಕಂಪ್ಯೂಟರುಗಳನ್ನೂ ಆರಿಸಿದೆ. ಸ್ಟೂಲು ಹತ್ತಿ ಕಿವಿಗೊಟ್ಟರೆ ಟಿಕ್ ಟಿಕ್ ಎನ್ನುತ್ತಿತ್ತು. ಆರು ವರ್ಷದಿಂದ ಆ ಗಡಿಯಾರ ಅಲ್ಲೇ ಇತ್ತು. ಕೆಳಗಿಳಿದು ಹೌದೆಂದೆ. ಅಕ್ಕ ತನ್ನ ಬ್ಯಾಗಿನಿಂದ ಉದ್ದನೆಯ ನೋಟ್ ಬುಕ್ ತೆಗೆದು, ಒಂದು ಸಾಲಿನ ಮುಂದೆ ಸರಿ ಗುರುತು ಹಾಕಿಕೊಂಡು ಒಳಗೆ ಹೋದಳು.

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಯಲಹಂಕದ ಹಳೆಯ ಪೇಟೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ, ಅದರ ಹಿಂದೆಯೇ ಮನೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಕ್ರೂ ಬಿಚ್ಚುತ್ತ ಬಿಚ್ಚುತ್ತ ಕೆಲಸ ಕಲಿತೆ. ಪರದೆಯ ಮೇಲೆ ಬರುವ ಇಂಗ್ಲಿಷನ್ನು ನಾನು ಓದುತ್ತಿರಲಿಲ್ಲ, ಅದು ಯಾವ ಜಾಗದಲ್ಲಿ ಬರುತ್ತದೆ ಎಂದು ನೋಡಿ ಗುರುತಿಟ್ಟುಕೊಳ್ಳುತ್ತಿದ್ದೆ. ಎಡಗಡೆಯ ಗುಂಡಿ ಒತ್ತಿದರೆ ಕೆಲಸ ಮುಂದುವರಿಯುತ್ತದೆ, ಬಲಗಡೆಯದು ಒತ್ತಿದರೆ ನಿಲ್ಲುತ್ತದೆ. ಹತ್ತಕ್ಕೆ ಒಂಬತ್ತು ಸಲ ಅಷ್ಟೇ ಸಾಕಾಗುತ್ತಿತ್ತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೇ ವಯಸ್ಸಿನಲ್ಲಿ ಬಂದ ಮಿದುಳು ಜ್ವರದಲ್ಲಿ ಅವಳ ಕಿವಿ ಹೋಯಿತು. ಮಾತು ಉಳಿಯಿತು. ದನಿಯಲ್ಲಿ ಏರಿಳಿತವಿಲ್ಲ, ಕೆಲವೊಮ್ಮೆ ಬೀದಿಗೆಲ್ಲ ಕೇಳುವಷ್ಟು ಜೋರಾಗುತ್ತದೆ, ಅಷ್ಟೇ. ಎದುರಿಗೆ ನಿಂತು, ನಮ್ಮ ಮುಖಕ್ಕೆ ಬೆಳಕು ಬೀಳುವ ಹಾಗೆ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಅಲ್ಲಿಯೇ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ್ದಳು.

ಆ ಶಾಲೆಗೆ ಅಮೆರಿಕದ ಹೆಂಗಸೊಬ್ಬರು ಬಂದು ಒಂದು ವರ್ಷ ಪಾಠ ಹೇಳಿದ್ದರು. ಹಿಂತಿರುಗುವಾಗ ಒಂಬತ್ತು ಸಿನಿಮಾ ಡಿಸ್ಕುಗಳನ್ನು ಅಕ್ಕನ ಕೈಗೆ ಕೊಟ್ಟುಹೋದರು. ಅವುಗಳಲ್ಲಿ ಕಿವಿ ಕೇಳಿಸದವರಿಗೆಂದೇ ಕೆಳಗೆ ಬರಹ ಬರುತ್ತಿತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ಡಿಸ್ಕುಗಳಲ್ಲಿ ಬಂದರೆ ಪಾತ್ರಗಳ ಮಾತು ಮಾತ್ರ ಬರಹದಲ್ಲಿ ಬರುತ್ತದೆ, ಎಷ್ಟೋ ಡಿಸ್ಕುಗಳಲ್ಲಿ ಅದೂ ಇಲ್ಲ. ಈ ಡಿಸ್ಕುಗಳಲ್ಲಿ ಸದ್ದೂ ಬರಹವಾಗಿ ಬರುತ್ತಿತ್ತು. ದೂರದಲ್ಲಿ ನಾಯಿ ಬೊಗಳಿತು. ಮರದ ಮೆಟ್ಟಿಲು ಕಿರುಗುಟ್ಟಿತು. ಚಮಚ ಲೋಟಕ್ಕೆ ತಗುಲಿತು. ಅಕ್ಕ ಒಂದೊಂದು ಕಡೆ ಸಿನಿಮಾ ನಿಲ್ಲಿಸಿ, ನಿಘಂಟು ತೆರೆದು, ಸದ್ದನ್ನು ಕನ್ನಡದಲ್ಲಿ ನೋಟ್ ಬುಕ್ಕಿಗೆ ಬರೆಯುತ್ತಿದ್ದಳು. ಆಮೇಲೆ ಮನೆಯಲ್ಲಿ, ಬೀದಿಯಲ್ಲಿ ಅದನ್ನು ಹುಡುಕುತ್ತಿದ್ದಳು. ಒಗೆದ ಸೀರೆಯನ್ನು ಒದರಿ ಒಣಹಾಕುವಾಗ ಬರುವ ಸದ್ದು, ಕುಕ್ಕರು ಕೂಗುವ ಮೊದಲು ಒಳಗೊಳಗೇ ಮಾಡುವ ಸದ್ದು. "ಇದು ಹೌದಾ? ಹೆಂಗಿರುತ್ತೆ ಹೇಳು," ಎಂದು ನನ್ನನ್ನು ನಿಲ್ಲಿಸಿ ಕೇಳುವಳು. ನಾನು ಕಿವಿ ಇದ್ದೂ ಕೇಳದೆ ಬದುಕಿದ್ದೇನೆಂದು ತಿಳಿದದ್ದು ಆಗಲೇ. ನೋಟ್ ಬುಕ್ಕಿನಲ್ಲಿ ಮಳೆಗೇ ಎರಡು ಪುಟ ಇತ್ತು. ತಗಡಿನ ಮೇಲಿನ ಮಳೆ ಬೇರೆ, ಎಲೆಯ ಮೇಲಿನದು ಬೇರೆ, ನಿಂತ ನೀರಿನ ಮೇಲಿನದು ಬೇರೆ.

ಆ ಒಂಬತ್ತರಲ್ಲಿ ಒಂದು, ಸಮುದ್ರದ ನಡುವಿನ ದೀಪಸ್ತಂಭ ಕಾಯುವ ಮುದುಕ ಮತ್ತು ಅವನ ನಾಯಿಯ ಕಥೆ. ಅದನ್ನು ಶಾಲೆಯ ಮಕ್ಕಳಿಗೆ ತೋರಿಸಬೇಕೆಂದು ಅಕ್ಕ ಹಟ ಹಿಡಿದಳು. ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಓದಲು ಬಾರದು. ಸಿನಿಮಾ ಓಡುತ್ತಿದ್ದಂತೆ ಕನ್ನಡದಲ್ಲಿ ಬರೆದ ದೊಡ್ಡ ರಟ್ಟುಗಳನ್ನು ಒಂದೊಂದಾಗಿ ಎತ್ತಿಹಿಡಿಯುವುದು ಅವಳ ಯೋಚನೆ. ಮುಖ್ಯೋಪಾಧ್ಯಾಯಿನಿ ಒಪ್ಪಿ ಒಂದು ಶನಿವಾರ ಗೊತ್ತುಮಾಡಿದರು. ಮೂರು ವಾರವಿತ್ತು. ಯಾವ ಸದ್ದು ಯಾವ ಕ್ಷಣಕ್ಕೆ ಎಂದು ನೋಡಿ ನೋಡಿ ಅಕ್ಕ ಅರ್ಧದಷ್ಟು ರಟ್ಟು ಬರೆದಿದ್ದಳು. ಉಳಿದರ್ಧಕ್ಕೆ ಆ ಡಿಸ್ಕು ದಿನಾ ಓಡಬೇಕಿತ್ತು.

ನನ್ನ ತಪ್ಪು ಹೇಳುವ ಮೊದಲು ಒಂದು ವಿಷಯ ಹೇಳಬೇಕು. ಸಿನಿಮಾ ಮಾಡುವವರು ಯಾವ ದೇಶದಲ್ಲಿ ಯಾವಾಗ ಮಾರಬೇಕೆಂಬ ತಮ್ಮ ಅನುಕೂಲಕ್ಕೆ ಪ್ರಪಂಚವನ್ನು ತುಂಡು ಮಾಡಿ ನಂಬರು ಹಾಕಿದ್ದರು. ಅಮೆರಿಕ ಒಂದು. ಯುರೋಪು, ಗಲ್ಫ್ ಎರಡು. ನಾವು ಐದು. ಡಿಸ್ಕಿಗೊಂದು ನಂಬರು, ಕಂಪ್ಯೂಟರಿನಲ್ಲಿ ಡಿಸ್ಕು ಓದುವ ಡ್ರೈವಿಗೊಂದು ನಂಬರು. ಎರಡೂ ಒಂದೇ ಆದರೆ ಸಿನಿಮಾ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಡ್ರೈವಿನ ನಂಬರನ್ನು ನಾವು ಬದಲಾಯಿಸಬಹುದು, ಆದರೆ ಐದೇ ಸಲ. ಐದನೆಯ ಸಲ ಯಾವ ನಂಬರು ಹಾಕಿದೆವೋ ಆ ಡ್ರೈವು ಸಾಯುವ ತನಕ ಅದೇ.

ಅಕ್ಕನ ಕಂಪ್ಯೂಟರನ್ನು ನಾನೇ ಹಳೆಯ ಬಿಡಿಭಾಗಗಳಿಂದ ಜೋಡಿಸಿಕೊಟ್ಟಿದ್ದೆ. ಮನೆಯೊಳಗೆ ಜಾಗವಿಲ್ಲದೆ ಅದು ಅಂಗಡಿಯಲ್ಲೇ ಇರುತ್ತಿತ್ತು. ನಾಲ್ಕು ಗಂಟೆಗೆ ಶಾಲೆಯಿಂದ ಬಂದು ಅವಳು ಕೂರುತ್ತಿದ್ದಳು. ಅದರ ಡ್ರೈವಿಗೆ ಮೊದಲು ಒಂದನೇ ನಂಬರು ಹಾಕಿದವನೂ ನಾನೇ. ಆಗ ನಾಲ್ಕು ಸಲ ಉಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯಿಲ್ಲ.

ಹುಣಸಮಾರನಹಳ್ಳಿಯ ಟ್ಯಾಕ್ಸಿ ಡ್ರೈವರೊಬ್ಬ ಗಲ್ಫಿನಲ್ಲಿದ್ದ ಅಣ್ಣ ಕಳಿಸಿದ ಡಿಸ್ಕು ತಂದ. ಅಂಗಡಿಯ ಡ್ರೈವು ಕೆಟ್ಟಿತ್ತು. ಅಕ್ಕನದರಲ್ಲಿ ಹಾಕಿ ಎರಡಕ್ಕೆ ತಿರುಗಿಸಿ ತೋರಿಸಿದೆ, ಮೂರೂವರೆಗೆ ಮತ್ತೆ ಒಂದಕ್ಕೆ ತಂದಿಟ್ಟೆ. ಅಲ್ಲಿಗೆ ಎರಡು ಸಲ ಉಳಿಯಿತು. ನನಗೆ ಚಿಂತೆಯಾಗಲಿಲ್ಲ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೊಸದಾಗುತ್ತದೆ, ಆ ಐದೂ ವಾಪಸು ಬರುತ್ತವೆ ಎಂದೇ ನಾನು ನಂಬಿದ್ದೆ. ಯಾರನ್ನೂ ಕೇಳಿರಲಿಲ್ಲ.

ಆ ಮೂರು ವಾರದ ಮೊದಲನೆಯ ಸೋಮವಾರ, ಬೆಳಿಗ್ಗೆ ಕೆಲಸವಿಲ್ಲದೆ ಬೇಸರವಾಗಿ ಇಲ್ಲಿಯದೇ ಒಂದು ಸಿನಿಮಾ ನೋಡಲು ಡ್ರೈವನ್ನು ಐದಕ್ಕೆ ತಿರುಗಿಸಿದೆ. ಮಧ್ಯಾಹ್ನ ಆರ್.ಟಿ. ನಗರದಿಂದ ಒಬ್ಬರು ಬಂದರು. ಕೈಯಲ್ಲಿ ಎರಡನೇ ನಂಬರಿನ ಡಿಸ್ಕು.

"ಏನ್ ಗುರು, ಹೆಬ್ಬಾಳದಿಂದ ಇಲ್ಲೀವರೆಗೂ ಮೂರು ಅಂಗಡಿ ಸುತ್ತಿದೆ. ಒಬ್ರ ಕೈಲೂ ಆಗ್ಲಿಲ್ಲ. ಎಲ್ರೂ ನಿನ್ ಹೆಸ್ರು ಹೇಳಿದ್ರು."

"ಕೂತ್ಕೊಳಿ ಸರ್. ನಮ್ ಅಂಗಡೀಲಿ ಪಾಸ್‌ಪೋರ್ಟು ಕೇಳಲ್ಲ."

ಅವರು ಜೋರಾಗಿ ನಕ್ಕರು. ಆ ನಗು ನನಗೆ ತಲೆಗೇರಿತು. ಪರದೆಯ ಮೇಲೆ ನಂಬರು ಬದಲಿಸುವ ಕಿಟಕಿ ತೆರೆದೆ. ಈ ಸಲ ಅದರ ಮೇಲೆ ಇನ್ನೊಂದು ಕಿಟಕಿ ಬಂತು, ಹಳದಿ ಗುರುತು, ಅದರ ಪಕ್ಕ ಮೂರು ಸಾಲು ಇಂಗ್ಲಿಷು. ಗಿರಾಕಿ ನನ್ನ ಹೆಗಲ ಹಿಂದೆಯೇ ನಿಂತಿದ್ದರು. ಓದಲು ಬಾರದೆಂದು ಅವರಿಗೆ ತಿಳಿಯಬಾರದಲ್ಲ. ಎಡಗಡೆಯ ಗುಂಡಿ ಒತ್ತಿದೆ.

ಸಿನಿಮಾ ಬಂತು. ಅವರು ನನ್ನ ಬೆನ್ನು ತಟ್ಟಿ, "ಬಿಡು ಮಗಾ, ನೀನೇ ಕಿಂಗು," ಎಂದು ಹೋದರು.

ಹೋದ ಮೇಲೆ ಒಂದಕ್ಕೆ ತಿರುಗಿಸಲು ನೋಡಿದೆ. ಆಗಲಿಲ್ಲ. ಉಳಿದದ್ದು ಸೊನ್ನೆ ಎಂದು ತೋರಿಸುತ್ತಿತ್ತು. ಆಗಲೂ ಗಾಬರಿಯಾಗದೆ ಎಲ್ಲವನ್ನೂ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದೆ. ಒಂದೂಕಾಲು ಗಂಟೆ ಹಿಡಿಯಿತು. ಮುಗಿದು ಕಿಟಕಿ ತೆರೆದರೆ ಅದೇ ಎರಡು, ಅದೇ ಸೊನ್ನೆ. ಲೆಕ್ಕ ಇರುವುದು ಕಂಪ್ಯೂಟರಿನಲ್ಲಲ್ಲ, ಡ್ರೈವಿನ ಹೊಟ್ಟೆಯೊಳಗೆ ಎಂದು ಆ ದಿನ ನನಗೆ ತಿಳಿಯಿತು. ಗಂಟೆ ನಾಲ್ಕಾಗಿತ್ತು. ಅಕ್ಕ ಚಪ್ಪಲಿ ಬಿಡುತ್ತಿದ್ದಳು.

ಅವಳು ಡಿಸ್ಕು ಹಾಕಿದಳು. ಬರಲಿಲ್ಲ. ಮತ್ತೆ ಹಾಕಿದಳು. ಒಂದು ಅಂಗೈಯನ್ನು ಕಂಪ್ಯೂಟರಿನ ಡಬ್ಬಿಯ ಮೇಲೆ ಊರಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಅದು ಅವಳ ಅಭ್ಯಾಸ, ನಾನು ಗಮನ ಕೊಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಏನಾಯ್ತೋ ಇದಕ್ಕೆ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು: "ಡಿಸ್ಕಲ್ಲಿ ಗೀರು ಬಿದ್ದಿದೆ ಅಕ್ಕ."

ಅವಳು ಇನ್ನೊಂದು ಹಾಕಿದಳು. ಅದೂ ಬರಲಿಲ್ಲ. "ಎಲ್ಲದ್ರಲ್ಲೂ ಗೀರಾ?"

"ಧೂಳು ಅಲ್ವಾ ಅಂಗಡೀಲಿ. ಪೇಸ್ಟ್ ಹಚ್ಚಿ ತಿಕ್ಕಿದ್ರೆ ಹೋಗುತ್ತೆ." ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಬಾಯಿಗೆ ತಾನಾಗಿ ಬಂತು. ಹಲ್ಲುಜ್ಜುವ ಬಿಳಿ ಪೇಸ್ಟನ್ನು ತೆಳ್ಳಗೆ ಹಚ್ಚಿ, ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿದರೆ ಸಣ್ಣ ಗೀರು ಹೋಗುವುದುಂಟು. ಅಷ್ಟು ವಿವರವನ್ನೂ ನಾನು ಅವಳಿಗೆ ಹೇಳಲಿಲ್ಲ. ಎರಡು ದಿನದಲ್ಲಿ ಗುಟ್ಟಾಗಿ ಏನಾದರೂ ಸರಿಮಾಡಿಬಿಡೋಣ ಎಂದುಕೊಂಡಿದ್ದೆ.

ನಾಲ್ಕನೇ ದಿನ ಅಮ್ಮ ಹಿಂದಿನ ಬಾಗಿಲಿಂದ ಕೂಗಿದಳು. ಅಮ್ಮ ಚಿಕ್ಕಜಾಲದ ಕಡೆಯವಳು. "ಏನ್ಲಾ ಇದು, ನಿಮ್ಮಕ್ಕ ತಟ್ಟೆಗೆ ಅಲ್ಲುಪುಡಿ ಆಕ್ಕೊಂಡು ತಿಕ್ತಾ ಕೂತವ್ಳೆ! ಪೇಸ್ಟೆಲ್ಲ ಕಾಲಿ ಮಾಡವ್ಳೆ! ನಾಳೆ ಅಲ್ಲುಜ್ಜಾದು ಇಂಗೇನಾ, ಬೂದೀಲಾ?"

ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಮುಂದೆ ಹಳೆಯ ಸೀರೆ ಹಾಸಿ ಎಂಟು ಡಿಸ್ಕುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದಳು. ಒಂಬತ್ತನೆಯದು, ದೀಪಸ್ತಂಭದ್ದು, ಮಡಿಲಲ್ಲಿತ್ತು. ಅದರ ಮೇಲೆ ಕೆಂಪು ಹಲ್ಲುಪುಡಿ. ಆ ಪುಡಿ ಮರಳಿನಷ್ಟೇ ಒರಟು. ಅವಳು ಪಾತ್ರೆ ಬೆಳಗುವಂತೆ ಸುತ್ತಿ ಸುತ್ತಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎತ್ತಿ ತೋರಿಸಿದಳು. "ನೋಡು, ಹೊಳೀತಿದೆ!"

ಬಿಸಿಲಿನಲ್ಲಿ ಅದರ ಮೈಮೇಲೆ ಎಳೆ ಎಳೆ ಗೀರು ಹೊಳೆಯುತ್ತಿತ್ತು. ಇಲ್ಲದ ಗೀರನ್ನು ನಾನು ಹೇಳಿದ್ದೆ, ಅವಳು ತಿಕ್ಕಿ ಬರಿಸಿದ್ದಳು. "ಸಾಕು ಅಕ್ಕ," ಎಂದು ಕೈಯಿಂದ ಕಸಿದುಕೊಂಡೆ. ಅಲ್ಲಿಯೂ ಹೇಳಲಿಲ್ಲ.

ಆ ಮೇಲಿನ ಎಂಟು ದಿನ ನಾನು ಮಾಡಿದ್ದೆಲ್ಲ ಸೋತಿತು. ಬೀಗ ಲೆಕ್ಕಿಸದೆ ಓದುತ್ತದೆ ಎನ್ನುವ ಒಂದು ಪುಕ್ಕಟೆ ಪ್ಲೇಯರ್ ಹಾಕಿ ನೋಡಿದೆ. ಕೆಲವು ಡ್ರೈವುಗಳಲ್ಲಿ ಅದು ನಡೆಯುತ್ತದೆ, ಅಕ್ಕನ ಡ್ರೈವು ಅದಕ್ಕೂ ಬಾಗಿಲು ತೆರೆಯಲಿಲ್ಲ. ಪಕ್ಕದ ಮನೆಯಿಂದ ಟಿ.ವಿ.ಗೆ ಹಾಕುವ ಪ್ಲೇಯರ್ ತಂದೆ. ಅದು ಯಾವ ದೇಶದ ಡಿಸ್ಕನ್ನಾದರೂ ನುಂಗುತ್ತಿತ್ತು. ಚಿತ್ರ ಬಂತು, ಸದ್ದು ಬಂತು, ಕಿವಿ ಕೇಳಿಸದವರ ಬರಹ ಮಾತ್ರ ಬರಲಿಲ್ಲ. ಆ ಬರಹವನ್ನು ಬಿಡಿಸುವುದು ಅಮೆರಿಕದಲ್ಲಿ ಟಿ.ವಿ.ಯೇ ಮಾಡುವ ಕೆಲಸವಂತೆ, ನಮ್ಮ ಟಿ.ವಿ.ಗಳಿಗೆ ಅದು ಗೊತ್ತಿಲ್ಲ. ಕಂಪ್ಯೂಟರ್ ಒಂದೇ ದಾರಿ. ಹೊಸ ಡ್ರೈವು ತಂದರೆ ಅದರ ಕೇಬಲ್ಲಿನ ಮೂತಿಯೇ ಬೇರೆ. ಅಕ್ಕನ ಹಳೆಯ ಬೋರ್ಡಿಗೆ ಅಗಲ ಪಟ್ಟಿಯಂಥ ಕೇಬಲ್ ಬೇಕು, ಅಂಥ ಡ್ರೈವು ಅಂಗಡಿಗಳಿಗೆ ಬರುವುದು ನಿಂತುಹೋಗಿತ್ತು. ರಿಪೇರಿಗೆ ಬಂದ ಒಬ್ಬರ ಕಂಪ್ಯೂಟರಿನಲ್ಲಿ ಅಂಥದೇ ಡ್ರೈವಿತ್ತು. ಅದರ ಸ್ಕ್ರೂಗೆ ಕೈ ಹಾಕಿ, ಎರಡು ಸುತ್ತು ಬಿಚ್ಚಿ, ಮತ್ತೆ ಬಿಗಿ ಮಾಡಿ ಕೈ ತೊಳೆದುಕೊಂಡು ಬಂದೆ.

ಕೊನೆಗೆ ಯಶವಂತಪುರದಲ್ಲಿ ಹಳೆಯ ಕಂಪ್ಯೂಟರುಗಳನ್ನು ಒಡೆದು ಮಾರುವ ಗುಜರಿಯವರ ಹತ್ತಿರ ಹೋದೆ. ವಯಸ್ಸಾದವರು, ಬಾಯಿ ತುಂಬ ಎಲೆಯಡಿಕೆ. ಒಂದು ಗೋಣಿಚೀಲ ನನ್ನ ಮುಂದೆ ಸುರಿದರು. "ಎಲ್ಲಾ ಚಾಲೂ ಮಾಲು. ಆರಿಸ್ಕೋ."

"ಪರೀಕ್ಷೆ ಮಾಡಿ ನೋಡ್ಬೇಕು ಸಾಹೇಬ್ರೇ. ಚಾಲೂ ಇದ್ರೆ ಸಾಲ್ದು, ಬೀಗ ಬಿದ್ದಿರಬಾರದು."

"ಬೀಗ? ಡಿಸ್ಕ್ ಹಾಕೋ ಡಬ್ಬಕ್ಕೆ ಬೀಗ ಯಾರಪ್ಪಾ ಹಾಕ್ತಾರೆ?"

ಹೇಳಿದೆ. ಅವರು ಎಲೆಯಡಿಕೆ ಉಗಿದು ಬಂದು ಪೂರ್ತಿ ಕೇಳಿದರು. "ಅಂದ್ರೆ ಕಾಸು ಕೊಟ್ಟು ತಗೊಂಡಿರೋ ಸಿನಿಮಾನ ನೋಡಕ್ಕೂ ವೀಸಾ ಬೇಕಾ? ಒಳ್ಳೆ ಕಾಲ ಬಂತು ಬಿಡು," ಎಂದು, ತಾವೇ ಒಂದು ಬೋರ್ಡು, ಹಳೆಯ ಮಾನಿಟರು ತಂದು ಮೇಜಿನ ಮೇಲೆ ಹಾಕಿಕೊಟ್ಟರು.

ಒಂದೊಂದೇ ಡ್ರೈವು ಸಿಕ್ಕಿಸಿ ಕಿಟಕಿ ತೆರೆದು ನೋಡುತ್ತ ಹೋದೆ. ಐದು, ಸೊನ್ನೆ. ಐದು, ಸೊನ್ನೆ. ಎರಡು, ಸೊನ್ನೆ. ಒಂದರ ಬಾಗಿಲೇ ತೆರೆಯದು. ಮತ್ತೆ ಐದು, ಸೊನ್ನೆ. ಹದಿಮೂರು ಡ್ರೈವು ನೋಡಿದೆ. ಪ್ರತಿಯೊಂದರ ಹಿಂದೆಯೂ ನನ್ನ ಹಾಗೆ ಯಾರೋ ಒಬ್ಬ, ಐದನೇ ಸಲ ಗುಂಡಿ ಒತ್ತಿ ಕೈ ಕೈ ಹಿಸುಕಿಕೊಂಡವನು ಇದ್ದ. ಯಾವ ಊರು, ಯಾವ ಸಿನಿಮಾ, ಯಾರಿಗಾಗಿ ಒತ್ತಿದ್ದ, ಒಂದೂ ಗೊತ್ತಿಲ್ಲ.

ಹದಿನಾಲ್ಕನೆಯದು ಯಾವುದೋ ಆಫೀಸಿನದು. ಮೇಲೆ ಅವರ ಸಾಮಾನಿನ ನಂಬರಿನ ಚೀಟಿ ಇನ್ನೂ ಅಂಟಿತ್ತು. ಅಲ್ಲಿ ಯಾರೂ ಸಿನಿಮಾ ನೋಡಿರಲಿಲ್ಲ. ಕಿಟಕಿ ತೆರೆದರೆ ನಂಬರಿನ ಜಾಗ ಖಾಲಿ. ಉಳಿದದ್ದು ಐದು.

"ಸಿಕ್ತಾ?" ಎಂದರು ಗುಜರಿಯವರು.

"ಸಿಕ್ತು."

"ಮತ್ತೆ ಮುಖ ಯಾಕೆ ಹಂಗೆ ಮಾಡ್ಕೊಂಡೆ?"

ಬಸ್ಸಿನಲ್ಲಿ ಆ ಡ್ರೈವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಸುಲಭದ ದಾರಿ ಕಣ್ಣೆದುರಿಗಿತ್ತು. ಅಕ್ಕ ಬರುವುದರೊಳಗೆ ಹಳೆಯದನ್ನು ಬಿಚ್ಚಿ ಇದನ್ನು ಹಾಕಿ ಒಂದಕ್ಕೆ ತಿರುಗಿಸಿಟ್ಟರೆ, ತಿಕ್ಕಿದ್ದರಿಂದಲೇ ಸರಿಹೋಯಿತೆಂದು ಅವಳು ಹಿಗ್ಗುವಳು. ಊರಿಗೆಲ್ಲ ಹಲ್ಲುಪುಡಿಯ ಮಹಿಮೆ ಹೇಳಿಕೊಂಡು ಬರುವಳು. ಅದನ್ನು ನೆನೆಸಿಕೊಂಡಾಗಲೇ ನನ್ನಿಂದಾಗದು ಅನ್ನಿಸಿತು. ಡ್ರೈವನ್ನು ಹಾಕದೆ ಮೇಜಿನ ಮೇಲೆ ಇಟ್ಟು ನಾಲ್ಕು ಗಂಟೆಯವರೆಗೆ ಕಾದೆ.

ಅಕ್ಕ ಬಂದಳು. ಬಾಗಿಲ ಬೆಳಕು ನನ್ನ ಮುಖಕ್ಕೆ ಬೀಳುವಂತೆ ನಿಂತೆ.

"ಡಿಸ್ಕಲ್ಲಿ ಗೀರು ಇರ್ಲಿಲ್ಲ ಅಕ್ಕ. ನಾನೇ ಡ್ರೈವ್ ಹಾಳು ಮಾಡ್ದೆ. ಗಿರಾಕಿಗೆ ತೋರ್ಸಕ್ಕೆ ಹೋಗಿ."

ಅವಳು ನನ್ನ ತುಟಿಯಿಂದ ಕಣ್ಣೆತ್ತಿ ನನ್ನ ಕಣ್ಣು ನೋಡಿದಳು.

"ಗೊತ್ತಿತ್ತು," ಎಂದಳು.

ಅವಳು ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ತೋರಿಸಿದಳು. "ಗೀರು ಬಿದ್ದಿರೋ ಡಿಸ್ಕು ಒದ್ದಾಡುತ್ತೆ ಕಣೋ. ತಿರುಗುತ್ತೆ, ತಡೆಯುತ್ತೆ, ಮತ್ತೆ ಜೋರಾಗಿ ತಿರುಗುತ್ತೆ. ಕೈಗೆ ಗೊತ್ತಾಗುತ್ತೆ. ಆವತ್ತು ಒದ್ದಾಡ್ಲೇ ಇಲ್ಲ. ನೆಟ್ಟಗೆ ತಿರುಗಿ ನಿಂತ್ಕೊಂತು."

"ಮತ್ಯಾಕೆ ತಿಕ್ಕಿದೆ ಅಕ್ಕ?"

"ನೀನು ಹೇಳ್ದಲ್ಲ. ನೀನು ಮೆಕ್ಯಾನಿಕ್ಕು, ಕೇಳಿಸೋನು. ನನ್ನ ಕೈಗೇ ತಪ್ಪು ಗೊತ್ತಾಗ್ತಿದೆಯೇನೋ ಅಂದ್ಕೊಂಡೆ."

ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಹದಿನೈದು ವರ್ಷ ಮೆಷಿನ್ನುಗಳ ನಡುವೆ ಕೂತ ನನಗೆ ಬೀಗ ಬಿದ್ದ ಡ್ರೈವಿಗೂ ಗೀರಿನ ಡಿಸ್ಕಿಗೂ ಸದ್ದಿನಲ್ಲಿ ವ್ಯತ್ಯಾಸವಿದೆಯೆಂದೇ ಗೊತ್ತಿರಲಿಲ್ಲ. ಅವಳ ಅಂಗೈಗೆ ಗೊತ್ತಿತ್ತು. ಆ ಅಂಗೈಯನ್ನು ಅವಳು ಸಂಶಯಿಸುವಂತೆ ಮಾಡಿದವನು ನಾನು.

ಹೊಸ ಡ್ರೈವು ಹಾಕಿ ಕಿಟಕಿ ತೆರೆದೆ. ಅಕ್ಕ ಕುರ್ಚಿ ಎಳೆದುಕೊಂಡು, ಅದರಲ್ಲಿದ್ದ ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದಳು. ಇಷ್ಟೇ ಸಲ ಬದಲಾಯಿಸಬಹುದು, ಆಮೇಲೆ ಎಂದೂ ಆಗದು, ಫಾರ್ಮ್ಯಾಟ್ ಮಾಡಿದರೂ ಆಗದು, ಬೇರೆ ಕಂಪ್ಯೂಟರಿಗೆ ಹಾಕಿದರೂ ಆಗದು. ಎಲ್ಲವೂ ಅಲ್ಲೇ ಇತ್ತು.

"ಇಷ್ಟು ಸ್ಪಷ್ಟವಾಗಿ ಬರೆದಿದೆ. ಓದ್ಲಿಲ್ವಾ?"

"ಓದಕ್ಕೆ ಬರಲ್ಲ ಅಕ್ಕ."

"ನನ್ನ ಕೇಳ್ಬೇಕಿತ್ತು. ಗಡಿಯಾರದ ಸದ್ದು ನಾನು ನಿನ್ನ ಕೇಳಲ್ವಾ?"

ಐದು ಬೆರಳು ಬಿಡಿಸಿ ನನ್ನ ಮುಖದ ಮುಂದೆ ಹಿಡಿದಳು. "ಈ ಐದನ್ನ ಹಿಂಗೇ ಬಿಟ್ರೆ ಏನಾಗುತ್ತೆ?"

"ಒಂದ್ಸಲ ಹಾಕಿದ್ರೆ ಸಾಕು. ನಾಲ್ಕು ಉಳಿಯುತ್ತೆ."

"ಆ ನಾಲ್ಕು ನೀನು ಯಾರಿಗೆ ಕೊಡ್ತೀಯ?"

ನಾಳೆ ಇನ್ನೊಬ್ಬ ಗಿರಾಕಿ ಬಂದು ಬೆನ್ನು ತಟ್ಟಿದರೆ ನಾನು ಏನು ಮಾಡುತ್ತೇನೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಐದೂ ಈಗ್ಲೇ ಮುಗಿಸ್ಬಿಡೋಣ. ಬೀಗ ನಾವೇ ಹಾಕೋಣ," ಎಂದಳು.

ಅವಳು ಹೇಳಿದ್ದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದು, ಐದು, ಒಂದು, ಐದು, ಒಂದು. ಐದನೇ ಸಲ ಒಂದಕ್ಕೆ ಬಂದು ನಿಂತರೆ ಆ ಡ್ರೈವು ಎಂದೆಂದಿಗೂ ಅವಳ ಡಿಸ್ಕುಗಳದು. ನಾನು ಬೇಕೆಂದರೂ ಯಾರಿಗೂ ಕೊಡಲಾರೆ. ಜಗತ್ತನ್ನು ತುಂಡು ಮಾಡಿದವರು ಹಾಕಿದ ಬೀಗವನ್ನು ಅವಳು ನನ್ನ ಕೈಗೆ ಹಾಕಲು ಹೊರಟಿದ್ದಳು. ಒಂದು ಸಲ ಲೆಕ್ಕ ತಪ್ಪಿದರೆ, ನಡುವೆ ಕರೆಂಟು ಹೋಗಿ ಏನಾದರೂ ಎಡವಟ್ಟಾದರೆ, ಎಲ್ಲ ಹೋದಂತೆ. ನನ್ನ ಯು.ಪಿ.ಎಸ್. ಎರಡು ನಿಮಿಷವೂ ತಡೆಯುತ್ತಿರಲಿಲ್ಲ. ಬೇಡ ಅಕ್ಕ ಎಂದೆ. ಅವಳು ಆಗಲೇ ಮೌಸು ಹಿಡಿದಿದ್ದಳು.

ಯಾವ ನಂಬರಿಗೆ ತಿರುಗಿಸಬೇಕೋ ಆ ನಂಬರಿನ ಡಿಸ್ಕು ಒಳಗಿರಬೇಕು, ಇಲ್ಲದಿದ್ದರೆ ಡ್ರೈವು ಒಪ್ಪುವುದಿಲ್ಲ. ನಾನು ಡಿಸ್ಕು ಬದಲಿಸುವುದು, ಅವಳು ಓದಿ ಒತ್ತುವುದು. ಎಡಗೈ ಡಬ್ಬಿಯ ಮೇಲೆ. ಅವಳದೊಂದು ಅಮೆರಿಕದ ಡಿಸ್ಕು: ಒಂದು. ಉಳಿದದ್ದು ನಾಲ್ಕು. ಅವಳು ಒಂದು ಬೆರಳು ಮಡಚಿದಳು. ನನ್ನದೊಂದು ಇಲ್ಲಿಯ ಡಿಸ್ಕು: ಐದು. ಉಳಿದದ್ದು ಮೂರು. ಮತ್ತೆ ಅವಳದು. ಮತ್ತೆ ನನ್ನದು. ಈಗ ಡ್ರೈವು ಐದರಲ್ಲಿತ್ತು, ಉಳಿದದ್ದು ಒಂದೇ. ಹಳದಿ ಗುರುತಿನ ಕಿಟಕಿ ಬಂತು.

"ಕೊನೇದಕ್ಕೆ ಮಕ್ಕಳ ಡಿಸ್ಕೇ ಹಾಕು," ಎಂದಳು.

ದೀಪಸ್ತಂಭದ ಡಿಸ್ಕು ಹಾಕಿದೆ. ಪರದೆಯ ಮೇಲೆ ಏನೂ ಕಾಣಿಸುವ ಮೊದಲೇ ಅವಳ ಹುಬ್ಬು ಗಂಟಾಯಿತು. "ತೆಗಿ. ಒದ್ದಾಡ್ತಿದೆ."

ತೆಗೆದೆ. ಈಗ ಅದು ನಿಜವಾದ ಗೀರು. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಬರೀ ಪೇಸ್ಟ್ ತಾಗಿದ್ದ ಅವಳ ಇನ್ನೊಂದು ಡಿಸ್ಕು ಹಾಕಿದೆ. ಅವಳು ಕೈಯಿಟ್ಟು, ಸರಿಯೆಂದು ತಲೆಯಾಡಿಸಿ, ಇಡೀ ಸಾಲನ್ನು ಇನ್ನೊಮ್ಮೆ ಓದಿ, ಎಡಗಡೆಯ ಗುಂಡಿ ಒತ್ತಿದಳು.

ಒಂದು. ಸೊನ್ನೆ.

ಅಷ್ಟು ದಿನ ನನ್ನನ್ನು ಹೆದರಿಸಿದ್ದ ಆ ಸೊನ್ನೆ ಬಾಗಿಲು ಭದ್ರವಾದ ಮನೆಯ ಹಾಗೆ ಕಂಡಿತು.

ಆದರೆ ಮಕ್ಕಳ ಡಿಸ್ಕು ಪೂರ್ತಿ ಸರಿಹೋಗಲಿಲ್ಲ. ನಾನು ಮೂರು ಸಂಜೆ ಕೂತು, ಈ ಸಲ ಸರಿಯಾದ ಕ್ರಮದಲ್ಲಿ, ನಡುವಿನಿಂದ ಅಂಚಿಗೆ ಒರೆಸಿ ಒರೆಸಿ ತಿದ್ದಿದೆ. ಎಲ್ಲ ಕಡೆ ಓಡಿತು, ಒಂದು ಕಡೆ ಬಿಟ್ಟು. ಬಿರುಗಾಳಿ ಬರುವ ಭಾಗ. ಮುದುಕ ಆಕಾಶ ನೋಡುತ್ತಾನೆ, ಚಿತ್ರ ಅಲ್ಲೇ ಕಲ್ಲಾಗುತ್ತದೆ. ನಾಲ್ಕು ನಿಮಿಷ ಹಾರಿಸಿದರೆ ಮುಂದೆ ಶಾಂತ ಸಮುದ್ರ. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಸದ್ದಿದ್ದ ನಾಲ್ಕು ನಿಮಿಷ ಅದು. ಅಕ್ಕನ ನೋಟ್ ಬುಕ್ಕಿನಲ್ಲಿ ಅದಕ್ಕೇ ಹತ್ತೊಂಬತ್ತು ಸಾಲಿತ್ತು, ಮೊದಲ ಸಲ ನೋಡಿದಾಗಲೇ ಬರೆದುಕೊಂಡಿದ್ದಳು.

ಮುಖ್ಯೋಪಾಧ್ಯಾಯಿನಿ, "ಬೇರೆ ಸಿನಿಮಾ ಹಾಕ್ಬಹುದಲ್ಲಮ್ಮ?" ಎಂದರಂತೆ. ಅಕ್ಕ ಒಪ್ಪಲಿಲ್ಲ. ನನಗೆ ಒಂದೇ ಕೆಲಸ ಹೇಳಿದಳು. "ಶಾಲೆ ಊಟದ ಹಾಲಲ್ಲಿ ಆರು ಮರದ ಮೇಜಿವೆ. ಒಂದಕ್ಕೊಂದು ಸೇರಿಸಿ ಬೋಲ್ಟ್ ಹಾಕು. ಸಂದಿ ಇರಬಾರದು. ಆ ತುದೀಲಿ ಕೈಯಿಟ್ರೆ ಈ ತುದಿ ಗೊತ್ತಾಗ್ಬೇಕು."

ಯಾಕೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಶುಕ್ರವಾರ ಹೋಗಿ ಕಬ್ಬಿಣದ ಪಟ್ಟಿ ಕೊಟ್ಟು ಆರನ್ನೂ ಒಂದೇ ಹಲಗೆಯಂತೆ ಬಿಗಿದೆ. ಒಂದು ತುದಿಯಲ್ಲಿ ಬೆರಳಿಂದ ಕುಟ್ಟಿ, ಇನ್ನೊಂದು ತುದಿಗೆ ಓಡಿಹೋಗಿ ಕೈಯಿಡುವುದು ಹೇಗೆಂದು ತಿಳಿಯದೆ ಅಲ್ಲಿಯ ಅಡುಗೆಯವರನ್ನು ಕರೆದು ನಿಲ್ಲಿಸಿಕೊಂಡೆ.

ಶನಿವಾರ ಬೆಳಿಗ್ಗೆ ಅಕ್ಕನ ಕಂಪ್ಯೂಟರನ್ನು ಆಟೋದಲ್ಲಿ ಒಯ್ದು ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದೆ. ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಮೇಜಿನ ಎರಡೂ ಕಡೆ ನಲವತ್ತು ಮಕ್ಕಳು. ಸಿನಿಮಾ ಶುರುವಾಯಿತು. ಅಕ್ಕ ಗೋಡೆಯ ಪಕ್ಕ ನಿಂತು ರಟ್ಟು ಎತ್ತುತ್ತ ಹೋದಳು. ಬಾಗಿಲು ಕಿರ್ ಎಂದಿತು. ನಾಯಿ ಕುಂಯ್‌ಗುಟ್ಟಿತು. ಮಕ್ಕಳು ಚಿತ್ರ ನೋಡಿ, ರಟ್ಟು ನೋಡಿ, ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ನಲವತ್ತು ಮಕ್ಕಳಿದ್ದ ಆ ಹಾಲು ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೆ ಡ್ರೈವು ತಿರುಗುವುದು ಕೇಳಿಸುತ್ತಿತ್ತು. ನಾನೂ ಕೇಳುತ್ತಿದ್ದೆ, ಈ ಸಲ ನಿಜವಾಗಿ.

ಅದು ಒದ್ದಾಡಲು ತೊಡಗಿತು. ಮುದುಕ ಆಕಾಶ ನೋಡಿದ. ಚಿತ್ರ ನಿಂತಿತು.

ಅಕ್ಕ ರಟ್ಟುಗಳನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಮಕ್ಕಳಿಗೆ ತೋರಿಸಿದಳು. ಎಂಬತ್ತು ಅಂಗೈ ಮೇಜಿನ ಮೇಲೆ ಬಂದವು. ಆಮೇಲೆ ನನ್ನ ಹತ್ತಿರ ಬಂದು ನೋಟ್ ಬುಕ್ ತೆರೆದು ಮುಂದಿಟ್ಟಳು. "ಓದು. ಇದು ಕನ್ನಡ. ಓದ್ಕೊಂಡು ಮೇಜಿಗೆ ಮಾಡು. ಕೇಳಿಸೋನು ನೀನೊಬ್ನೇ ಅಲ್ವಾ ಇಲ್ಲಿ."

ಹತ್ತೊಂಬತ್ತು ಸಾಲು. ಮೊದಲನೆಯದು: ದೂರದಲ್ಲಿ ಗುಡುಗು. ಮುಷ್ಟಿಯ ಮೆತ್ತನೆಯ ಭಾಗದಿಂದ ಹಲಗೆಯನ್ನು ಅದುಮಿದೆ. ಹತ್ತಿರದ ಮಗುವೊಂದು ತನ್ನ ಕೈಯನ್ನೇ ನೋಡಿಕೊಂಡಿತು. ಮೊದಲ ಹನಿಗಳು, ತಗಡಿನ ಮೇಲೆ. ಉಗುರಿನಿಂದ. ಹನಿ ಹೆಚ್ಚಿತು. ಹತ್ತೂ ಬೆರಳಿಂದ. ಗಾಳಿ: ಅಂಗೈಯಿಂದ ಉದ್ದಕ್ಕೆ ಉಜ್ಜಿದೆ. ಅಲೆ ಬಂಡೆಗೆ ಬಡಿಯಿತು. ಮತ್ತೆ ಬಡಿಯಿತು. ಹಗ್ಗ ಹರಿಯಿತು: ಒಂದೇ ಏಟು. ಆ ಏಟಿಗೆ ನಲವತ್ತು ಮಕ್ಕಳೂ ಒಟ್ಟಿಗೆ ಬೆಚ್ಚಿದರು, ಮೇಜಿನ ಆ ತುದಿಯವರೂ. ಒಬ್ಬರೂ ಕೈ ತೆಗೆಯಲಿಲ್ಲ. ಗೋಡೆಯ ಮೇಲೆ ಮುದುಕ ಅಲುಗಾಡದೆ ಆಕಾಶ ನೋಡುತ್ತಲೇ ಇದ್ದ, ಅವನ ಬಿರುಗಾಳಿ ಮೇಜಿನ ಮೇಲೆ ನಡೆದಿತ್ತು. ಈ ಎಲ್ಲ ಸದ್ದನ್ನೂ ನಾನು ಹುಟ್ಟಿದಂದಿನಿಂದ ಕೇಳಿದವನು. ಅಷ್ಟು ದೊಡ್ಡದೆಂದು ಗೊತ್ತಾದದ್ದು ಆ ಮಕ್ಕಳ ಮುಖ ನೋಡಿ.

ಕೊನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ಕೈ ಊದಿಕೊಂಡಿತ್ತು. ಅಲ್ಲಿ ಬರೆದಿತ್ತು: ಗಾಳಿ ನಿಂತಿತು. ಒಂದೇ ಒಂದು ಹನಿ.

ತಲೆಯೆತ್ತಿ ನೋಡಿದೆ. ಅಕ್ಕ ಮೇಜಿನ ಆ ತುದಿಯಲ್ಲಿ ನಿಂತಿದ್ದಳು. ಅವಳು ನನ್ನ ತುಟಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಅಂಗೈ ಊರಿ ಕಾಯುತ್ತಿದ್ದಳು. ಕಿರುಬೆರಳಿನ ತುದಿಯಿಂದ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ, ಒಂದು ಸಲ ಮುಟ್ಟಿದೆ.

ಆರು ಮೇಜಿನ ಆಚೆ ಅವಳು ಹೌದೆಂದು ತಲೆಯಾಡಿಸಿದಳು.